ಬಾಡಿಗೆಯ ಅತಿಥಿ: ಮನೆಯೊಡೆಯನ ಹೊಣೆ ಮತ್ತು ವಿಮೆ

ಮಳೆಗಾಲ ಹಿಂದೆ ಸರಿದು ದಸರೆಯ ರಜೆ ಸಮೀಪಿಸಿತೆಂದರೆ ಪಟ್ಟಣದ ಮನೆಗಳಲ್ಲಿ ಪ್ರಯಾಣದ ಮಾತು ಹುಟ್ಟುತ್ತದೆ. ಮಡಿಕೇರಿ, ಮೂಡಿಗೆರೆ, ಸಕಲೇಶಪುರ, ತೀರ್ಥಹಳ್ಳಿಗಳ ಕಡೆಗೆ ಹೊರಟವರಲ್ಲಿ ಹಲವರು ಹೋಟೆಲಿನ ಕೋಣೆಗಿಂತ ತೋಟದ ನಡುವಿನ ಮನೆಯೊಂದರಲ್ಲಿ ಇಳಿದುಕೊಳ್ಳುವುದನ್ನು ಮೆಚ್ಚುತ್ತಾರೆ. ಇಳಿದುಕೊಳ್ಳುವವರಂತೆ ಇಳಿಸಿಕೊಳ್ಳುವವರಲ್ಲಿಯೂ ಪಟ್ಟಣವಾಸಿಗಳು ಇದ್ದಾರೆ. ಊರಿನಲ್ಲಿ ಹಿರಿಯರು ಕಟ್ಟಿಸಿದ ಮನೆ ಬೀಗ ಹಾಕಿಕೊಂಡು ನಿಂತಿರುತ್ತದೆ. ಹಂಚು ಜಾರುತ್ತದೆ, ತೊಲೆಗೆ ಗೆದ್ದಲು ಹತ್ತುತ್ತದೆ. ಅದನ್ನು ರಿಪೇರಿ ಮಾಡಿಸಿ, ಬಚ್ಚಲುಮನೆಗೆ ಬಿಸಿನೀರಿನ ವ್ಯವಸ್ಥೆ ಮಾಡಿ, ಪ್ರವಾಸಿಗಳಿಗೆ ದಿನದ ಬಾಡಿಗೆಗೆ ಕೊಟ್ಟರೆ ಮನೆಯೂ ಉಳಿದೀತು, ನಾಲ್ಕು ಕಾಸೂ ಬಂದೀತು ಎಂಬುದು ನ್ಯಾಯವಾದ ಆಲೋಚನೆಯೇ. ಇದಕ್ಕೆ ಈಗ ಎಲ್ಲರ ಬಾಯಲ್ಲಿಯೂ ಹೋಂಸ್ಟೇ ಎಂಬ ಹೆಸರು ನಿಂತಿದೆ.

ತಿಥಿಯ ಗೊತ್ತಿಲ್ಲದೆ ಬರುವವನು ಅತಿಥಿ ಎಂಬುದು ನಮ್ಮ ಪಂಡಿತರು ಹೇಳಿಕೊಡುತ್ತಿದ್ದ ನಿರ್ವಚನ. ಇಂದಿನ ಅತಿಥಿಯಾದರೋ ತಿಥಿ, ವಾರ, ಬರುವ ಗಂಟೆ, ಹೋಗುವ ಗಂಟೆಗಳನ್ನೆಲ್ಲ ಮೊದಲೇ ಗೊತ್ತುಮಾಡಿ, ಹಣವನ್ನೂ ಮುಂಗಡವಾಗಿ ಕಟ್ಟಿಯೇ ಬರುತ್ತಾನೆ. ಶಬ್ದ ಹಳೆಯದು, ಸಂಬಂಧ ಹೊಸದು. ಈ ಹೊಸ ಸಂಬಂಧದಲ್ಲಿ ಆತಿಥ್ಯದ ಜೊತೆಗೆ ಕಾನೂನೂ ಬಂದು ಜಗಲಿಯ ಮೇಲೆ ಕುಳಿತಿರುತ್ತದೆ. ಬಂದವನು ಪಾಚಿಗಟ್ಟಿದ ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಿದುಕೊಂಡರೆ ಯಾರು ಹೊಣೆ? ಅವನ ಮಗು ಬಾವಿಕಟ್ಟೆಯ ಬಳಿ ಆಡುತ್ತ ಬಿದ್ದರೆ? ಅವನ ಕೈಯಿಂದಲೇ ಮನೆಗೆ ಬೆಂಕಿ ಹತ್ತಿದರೆ? ಬಾಡಿಗೆಯ ಲೆಕ್ಕ ಹಾಕುವಾಗ ಈ ಪ್ರಶ್ನೆಗಳು ಸಾಮಾನ್ಯವಾಗಿ ನೆನಪಿಗೆ ಬರುವುದಿಲ್ಲ. ದಿನಕ್ಕೆ ಮೂರು ನಾಲ್ಕು ಸಾವಿರ ತರುವ ಮನೆ ಒಂದೇ ಒಂದು ಅಪಘಾತದಿಂದ ಅದರ ಹಿಂದಿನ ಕಾಫಿ ತೋಟವನ್ನೂ ಎಳೆದುಕೊಂಡು ಹೋಗಬಲ್ಲದು.

ಮೊದಲು ಅತಿಥಿಯ ಸ್ಥಾನವೇನೆಂದು ನೋಡೋಣ. ವರ್ಷಗಟ್ಟಲೆ ಮನೆಯನ್ನು ಹಿಡಿದ ಬಾಡಿಗೆದಾರನಿಗೆ ಆ ಮನೆಯ ಸ್ವಾಧೀನ ಸಿಗುತ್ತದೆ. ಎರಡು ದಿನಕ್ಕೆ ಬಂದಿಳಿದವನಿಗೆ ದೊರೆಯುವುದು ಇದ್ದು ಹೋಗುವ ಅನುಮತಿ ಮಾತ್ರ. ಈ ವ್ಯತ್ಯಾಸವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 1959ರಲ್ಲಿಯೇ, ದೆಹಲಿಯ ಹೋಟೆಲೊಂದರ ಕೋಣೆಗಳಿಗೆ ಸಂಬಂಧಿಸಿದ ವ್ಯಾಜ್ಯದಲ್ಲಿ, ವಿಸ್ತಾರವಾಗಿ ಚರ್ಚಿಸಿತು. ಪತ್ರಕ್ಕೆ ಏನು ಹೆಸರಿಟ್ಟಿದ್ದಾರೆ ಎಂಬುದಲ್ಲ, ಸ್ವಾಧೀನ ನಿಜವಾಗಿ ಯಾರ ಕೈಯಲ್ಲಿದೆ ಎಂಬುದೇ ಮುಖ್ಯವೆಂದು ಅದರ ಸಾರ. ಇದು ಮನೆಯೊಡೆಯನಿಗೆ ಒಂದು ಕಡೆ ಅನುಕೂಲ: ಅತಿಥಿ ಬಾಡಿಗೆದಾರನ ಹಕ್ಕು ಹೂಡಿ ಕುಳಿತುಕೊಳ್ಳುವಂತಿಲ್ಲ. ಇನ್ನೊಂದು ಕಡೆ ಭಾರ: ಸ್ವಾಧೀನ ಒಡೆಯನದೇ ಆದ್ದರಿಂದ ಮೆಟ್ಟಿಲು, ಕಟಕಟೆ, ವಿದ್ಯುತ್ ತಂತಿ, ಬಾವಿ, ಕೊಳಗಳನ್ನು ಸುಸ್ಥಿತಿಯಲ್ಲಿಡುವ ಕರ್ತವ್ಯವೂ ಅವನದೇ.

"ಮೇಷ್ಟ್ರೇ, ಬಾಗಿಲಲ್ಲೇ ಬೋರ್ಡು ಹಾಕಿಸಿದ್ದೀನಿ, ಏನಾದರೂ ಆದರೆ ಮಾಲೀಕರು ಜವಾಬ್ದಾರರಲ್ಲ ಅಂತ. ಅಷ್ಟು ಸಾಲದೇ?" ಎಂದು ಮೂಡಿಗೆರೆಯ ಕಡೆ ಮನೆ ನಡೆಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ. "ಸಾಲದಪ್ಪ" ಎಂದೆ. ಅವನಿಗೆ ಹೇಳಿದ ಮೊಕದ್ದಮೆಯ ಕಥೆ ಎಲ್ಲ ಮನೆಯೊಡೆಯರೂ ತಿಳಿದಿರಬೇಕಾದದ್ದು.

1998ರ ಆಗಸ್ಟ್ 1ರ ರಾತ್ರಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದ ಒಬ್ಬರು ತಮ್ಮ ಮಾರುತಿ ಕಾರಿನ ಬೀಗದ ಕೈಯನ್ನು ಹೋಟೆಲಿನ ಸೇವಕನಿಗೆ ಕೊಟ್ಟು ಒಳಗೆ ಹೋದರು. ಹಿಂತಿರುಗಿ ಬಂದಾಗ ಕಾರನ್ನು ಬೇರೆ ಯಾರೋ ಓಡಿಸಿಕೊಂಡು ಹೋಗಿದ್ದರು. ಕಾರು ನಿಲ್ಲಿಸಿದ್ದು ಒಡೆಯನ ಸ್ವಂತ ಜವಾಬ್ದಾರಿಯ ಮೇಲೆ ಎಂದು ಚೀಟಿಯಲ್ಲಿ ಅಚ್ಚಾಗಿತ್ತು. ಕಾರಿಗೆ ವಿಮೆಯಿದ್ದದ್ದರಿಂದ ವಿಮಾ ಕಂಪನಿ ಒಡೆಯನಿಗೆ ಹಣ ಕೊಟ್ಟಿತು. ಕೊಟ್ಟು ಸುಮ್ಮನಿರದೆ ಅವನ ಸ್ಥಾನದಲ್ಲಿ ತಾನು ನಿಂತು ಹೋಟೆಲಿನ ಮೇಲೆ ದಾವೆ ಹೂಡಿತು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 2019ರ ನವೆಂಬರಿನಲ್ಲಿ ತೀರ್ಮಾನವಾಯಿತು. ಬೀಗದ ಕೈ ಪಡೆದ ಮೇಲೆ ಕಾರು ಹೋಟೆಲಿನ ವಶದಲ್ಲಿ ಇಟ್ಟ ವಸ್ತು. ಸಾಮಾನ್ಯ ವಿವೇಕಿಯೊಬ್ಬ ತನ್ನ ವಸ್ತುವನ್ನು ಎಷ್ಟು ಜೋಪಾನ ಮಾಡುವನೋ ಅಷ್ಟು ಜೋಪಾನವನ್ನು ಅದು ತೋರಿಸಬೇಕು. ತೋರಿಸಿದೆನೆಂದು ರುಜುವಾತುಪಡಿಸುವ ಭಾರವೂ ಹೋಟೆಲಿನದು. ತನ್ನ ನಿರ್ಲಕ್ಷ್ಯಕ್ಕೆ ಅಚ್ಚುಹಾಕಿಸಿದ ಚೀಟಿಯನ್ನು ಗುರಾಣಿಯಾಗಿ ಹಿಡಿಯಲಾಗದು ಎಂದು ತೀರ್ಪು ಬಂತು. ಈ ಜೋಪಾನದ ಅಳತೆ 1872ರ ಕರಾರು ಕಾಯಿದೆಯ 151ನೆಯ ಕಲಮಿನಲ್ಲಿದೆ.

ಇದರಲ್ಲಿ ಗಮನಿಸಬೇಕಾದ ಸೂಕ್ಷ್ಮ ಎರಡು. ಅತಿಥಿಯೇ ಕಾರನ್ನು ಅಂಗಳದಲ್ಲಿ ನಿಲ್ಲಿಸಿ ಬೀಗದ ಕೈಯನ್ನು ತನ್ನ ಜೇಬಿನಲ್ಲಿಟ್ಟುಕೊಂಡರೆ ಪರಿಸ್ಥಿತಿ ಬೇರೆ. "ಕೀ ಕೊಡಿ ಸಾರ್, ನಮ್ಮ ಹುಡುಗ ಹಿಂದೆ ನಿಲ್ಲಿಸ್ತಾನೆ" ಎಂದು ಉಪಚಾರದ ಮಾತಾಡಿ ಪಡೆದುಕೊಂಡ ಕ್ಷಣದಿಂದ ಹೊಣೆ ಹೆಗಲಿಗೇರುತ್ತದೆ. ಎರಡನೆಯದು, ದಾವೆ ಹೂಡಿದ ವಿಮಾ ಕಂಪನಿ. ನಮ್ಮ ಅತಿಥಿ ಬಹಳ ಒಳ್ಳೆಯವರು, ಅವರು ಕೋರ್ಟಿಗೆ ಹೋಗುವವರಲ್ಲ ಎಂದು ಸಮಾಧಾನ ತಂದುಕೊಳ್ಳುವವರುಂಟು. ಅತಿಥಿ ಒಳ್ಳೆಯವನೇ ಇರಬಹುದು. ಅವನಿಗೆ ಹಣ ತುಂಬಿಕೊಟ್ಟ ಕಂಪನಿಗೆ ನಿಮ್ಮ ಮನೆಯ ಕಾಫಿಯ ರುಚಿ ಗೊತ್ತಿರುವುದಿಲ್ಲ.

ಹಾಗೆಂದಮಾತ್ರಕ್ಕೆ ಎಚ್ಚರಿಕೆಯ ಬೋರ್ಡುಗಳು ನಿಷ್ಪ್ರಯೋಜಕವೆಂದು ಹೇಳುತ್ತಿಲ್ಲ. "ನಾವು ಜವಾಬ್ದಾರರಲ್ಲ" ಎಂಬ ಬೋರ್ಡು ಬೇರೆ, "ಇಲ್ಲಿ ನೀರು ಆರು ಅಡಿ ಆಳವಿದೆ, ಈಜು ಬಾರದವರು ಇಳಿಯಬೇಡಿ" ಎಂಬ ಬೋರ್ಡು ಬೇರೆ. ಮೊದಲನೆಯದು ತನ್ನನ್ನು ಕಾಯಲು ಹಾಕಿದ್ದು, ಎರಡನೆಯದು ಅತಿಥಿಯನ್ನು ಕಾಯಲು. ನ್ಯಾಯಸ್ಥಾನದಲ್ಲಿ ಬೆಲೆ ಬರುವುದು ಎರಡನೆಯದಕ್ಕೆ. ಅದೂ ಅದರ ಜೊತೆಗೆ ಬೇಲಿ, ಹಗ್ಗ, ನೋಡಿಕೊಳ್ಳುವ ಆಳು ಇದ್ದರೆ.

ಇದು ಕೇವಲ ಊಹೆಯ ಮಾತಲ್ಲ. 2024ರ ನವೆಂಬರ್ 17ರಂದು ಉಳ್ಳಾಲದ ಸೋಮೇಶ್ವರದ ಹತ್ತಿರ ಕಡಲತೀರದ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ತರುಣಿಯರು ಮುಳುಗಿ ತೀರಿಕೊಂಡರು. ರೆಸಾರ್ಟಿನ ಮಾಲೀಕನನ್ನೂ ವ್ಯವಸ್ಥಾಪಕನನ್ನೂ ಪೊಲೀಸರು ಬಂಧಿಸಿದರು. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿಯ ಬಳಿ ಕಾಡಂಚಿನ ಡೇರೆಯಲ್ಲಿ ತಂಗಿದ್ದ ಮಹಿಳೆಯೊಬ್ಬರು ಆನೆಯ ದಾಳಿಗೆ ಬಲಿಯಾದರು. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿ, ಕೇರಳದಿಂದ ಪ್ರವಾಸ ಹೋಗಿದ್ದ ಎಂಟು ಮಂದಿ, ಮಕ್ಕಳೂ ಸೇರಿ, ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಹೀಟರ್ ಉರಿಸಿ ಮಲಗಿದ್ದವರು ಬೆಳಿಗ್ಗೆ ಏಳಲಿಲ್ಲ. ನಮ್ಮ ಮಲೆನಾಡಿನ ಬಚ್ಚಲುಮನೆಗಳಲ್ಲಿ ಹಂಡೆಯ ಒಲೆ ಹೋಗಿ ಗ್ಯಾಸ್ ಗೀಸರು ಬಂದಿದೆ. ಹಂಡೆಯ ಒಲೆಗೆ ಹೊಗೆ ಹೋಗಲು ದಾರಿಯಿತ್ತು, ಹೊಗೆ ಕಣ್ಣಿಗೂ ಕಾಣುತ್ತಿತ್ತು. ಗಾಳಿ ಸಾಲದೆ ಉರಿಯುವ ಗ್ಯಾಸಿನಿಂದ ಹುಟ್ಟುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗೀಸರನ್ನು ಸ್ನಾನದ ಕೋಣೆಯ ಹೊರಗೆ ಕೂಡಿಸುವುದಕ್ಕೂ ಕಿಟಕಿಯ ಮೇಲೆ ಗಾಳಿಗಿಂಡಿ ಬಿಡಿಸುವುದಕ್ಕೂ ತಗಲುವ ಖರ್ಚು ಯಾವ ವಿಮೆಯ ಕಂತಿಗಿಂತಲೂ ಹೆಚ್ಚಲ್ಲ.

ಸಾವು ಸಂಭವಿಸಿದರೆ ವಿಷಯ ಹಣದಲ್ಲಿಯೇ ಮುಗಿಯುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನ ಪ್ರಕಾರ ನಿರ್ಲಕ್ಷ್ಯದಿಂದ ಮರಣ ಉಂಟುಮಾಡಿದವರಿಗೆ ಐದು ವರ್ಷಗಳವರೆಗೆ ಸೆರೆವಾಸವಾಗಬಹುದು. ಹಿಂದಿನ ದಂಡಸಂಹಿತೆಯಲ್ಲಿ ಇದು ಎರಡು ವರ್ಷವಿತ್ತು. ವಿಮೆ ಪರಿಹಾರದ ಹಣ ಕೊಟ್ಟೀತು, ಒಡೆಯನ ಬದಲಿಗೆ ಜೈಲಿಗೆ ಹೋಗಲಾರದು. ಹಣದ ದಾವೆಯ ವಿಷಯದಲ್ಲಿಯೂ ಒಂದು ಮಾತು ತಿಳಿದಿರಲಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಹಣ ಕೊಟ್ಟು ಸೇವೆ ಪಡೆದವನು ತಾನು ವಾಸವಾಗಿರುವ ಊರಿನ ಆಯೋಗದಲ್ಲಿಯೇ ದೂರು ಕೊಡಬಹುದು. ಪುಣೆಯ ಅತಿಥಿ ಪುಣೆಯಲ್ಲಿ ದೂರಿತ್ತರೆ ಸಕಲೇಶಪುರದ ಒಡೆಯ ಅಲ್ಲಿಯೇ ಉತ್ತರ ಕೊಡಬೇಕಾಗುತ್ತದೆ.

ಇನ್ನು ವಿಮೆ. ಹೊಣೆ ಎಂಬ ನಮ್ಮ ಹಳೆಯ ಮಾತಿಗೆ ಜಾಮೀನು ಎಂಬ ಅರ್ಥವೂ ಉಂಟು. ಒಬ್ಬನ ಪರವಾಗಿ ಇನ್ನೊಬ್ಬ ನಿಲ್ಲುವುದು. ವಿಮೆಯ ಕೆಲಸವೂ ಸ್ಥೂಲವಾಗಿ ಅದೇ. ಆದರೆ ಯಾವುದಕ್ಕೆ ನಿಲ್ಲುತ್ತದೆ, ಯಾವುದಕ್ಕೆ ಇಲ್ಲ ಎಂಬುದು ಪಾಲಿಸಿಯ ಮಾತುಗಳಲ್ಲಿದೆ. "ನಮ್ಮ ಮನೆಗೆ ಇನ್ಶೂರೆನ್ಸ್ ಇದೆ" ಎಂದು ನಿಶ್ಚಿಂತರಾಗಿರುವವರ ಕೈಯಲ್ಲಿರುವುದು ಬಹುತೇಕ ಕಟ್ಟಡದ ವಿಮೆ. ಕಟ್ಟಡ, ಒಳಗಿನ ಸಾಮಾನು, ಪರರಿಗಾಗುವ ಹಾನಿ ಈ ಮೂರೂ ಬೇರೆಬೇರೆ ವಿಷಯಗಳು. ಒಂದರ ಪಾಲಿಸಿ ಇನ್ನೊಂದಕ್ಕೆ ಒದಗುವುದಿಲ್ಲ.

ವಾಸದ ಮನೆಗಳಿಗೆ 2021ರ ಏಪ್ರಿಲ್ 1ರಿಂದ ಭಾರತ್ ಗೃಹ ರಕ್ಷಾ ಎಂಬ ಏಕರೂಪದ ಪಾಲಿಸಿ ಬಂದಿದೆ. ಬೆಂಕಿ, ಸಿಡಿಲು, ಭೂಕಂಪ, ಪ್ರವಾಹ, ಬಿರುಗಾಳಿ, ಭೂಕುಸಿತ, ಮರ ಬೀಳುವುದು, ದೊಂಬಿ ಮುಂತಾದವುಗಳಿಂದಾಗುವ ನಷ್ಟವನ್ನು ಇದು ತುಂಬಿಕೊಡುತ್ತದೆ. ಲೆಕ್ಕ ಹಿಡಿಯುವುದು ಮನೆಯನ್ನು ಮತ್ತೆ ಕಟ್ಟಲು ಬೇಕಾದ ವೆಚ್ಚವನ್ನು. ನೆಲದ ಬೆಲೆ ಇದರಲ್ಲಿ ಬಾರದು. ಕಟ್ಟಡದ ಮೊತ್ತದ ಶೇಕಡಾ 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿ, ಒಳಗಿನ ಸಾಮಾನಿಗೆ ತಾನಾಗಿಯೇ ಸೇರುತ್ತದೆ. ಒಳ್ಳೆಯ ಪಾಲಿಸಿ, ಸಂದೇಹವಿಲ್ಲ. ಆದರೆ ಅದು ವಾಸದ ಮನೆಗೆಂದು ಮಾಡಿದ್ದು. ಮನೆಯ ಬಳಕೆ ಬದಲಾದರೆ ಕಂಪನಿಗೆ ತಿಳಿಸಲೇಬೇಕು. ವಾರವಾರವೂ ಅಪರಿಚಿತರು ಬಂದು ಇಳಿಯುವ ಮನೆಯನ್ನು ಕುಟುಂಬದ ವಾಸವೆಂದು ಬರೆಸಿದ್ದರೆ, ಬೆಂಕಿ ಹತ್ತಿದ ಮರುದಿನ ಪರಿಶೀಲನೆಗೆ ಬರುವ ಸರ್ವೇಯರ್ ಮೊದಲು ಕೇಳುವುದೇ ಅತಿಥಿಗಳ ದಾಖಲೆ ಪುಸ್ತಕವನ್ನು. ವ್ಯವಹಾರಕ್ಕೆ ಬಳಸುವ ಕಟ್ಟಡಗಳಿಗೆ ಅದೇ ದಿನದಿಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಪಾಲಿಸಿಯುಂಟು. ಒಂದೆಡೆಯ ಆಸ್ತಿ 5 ಕೋಟಿ ರೂಪಾಯಿಗೆ ಮೀರದವರಿಗೆ ಅದು. ಕಂತು ಸ್ವಲ್ಪ ಹೆಚ್ಚಾದೀತೆಂದು "ವಾಸದ ಮನೆ ಅಂತಲೇ ಬರೆಯೋಣ ಬಿಡಿ ಸ್ವಾಮಿ" ಎಂದು ಸಲಹೆ ಕೊಡುವ ಏಜೆಂಟರೂ ಇದ್ದಾರೆ. ಅಂಥವರಿಗೆ ಕಾಫಿ ಕೊಟ್ಟು ಕಳುಹಿಸಿಬಿಡುವುದು ಲೇಸು. ವಿಮೆಯ ಕರಾರು ಪರಮ ವಿಶ್ವಾಸದ ಕರಾರು. ತಿಳಿದದ್ದನ್ನು ಮುಚ್ಚಿಟ್ಟರೆ ಕಂಪನಿ ಹಣವನ್ನು ನಿರಾಕರಿಸಬಹುದು, ಅದುವರೆಗೆ ಕಟ್ಟಿದ ಕಂತುಗಳೆಲ್ಲ ಬೂದಿಯಲ್ಲಿ ಹೋಮ ಮಾಡಿದಂತೆ.

ಗುಡ್ಡದ ಪಕ್ಕದ ಮನೆಗಳವರು ಭೂಕುಸಿತದ ಕಲಮನ್ನು ಎರಡು ಸಲ ಓದಬೇಕು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಬೆಟ್ಟಗಳು ಕುಸಿದು ಮನೆಗಳು ಕೊಚ್ಚಿಹೋದದ್ದನ್ನು ಯಾರೂ ಮರೆತಿಲ್ಲ. ಭೂಕುಸಿತ ಪಾಲಿಸಿಯೊಳಗೆ ಇದೆ, ನಿಜ. ಆದರೆ ಮಣ್ಣು ತುಂಬಿಸಿ ಮಟ್ಟ ಮಾಡಿದ ನೆಲ ಕುಗ್ಗುವುದು, ಹೊಸ ಕಟ್ಟಡ ಬಿರುಕು ಬಿಡುವುದು, ಅಗೆತದಿಂದಲೋ ಕೆಟ್ಟ ಕಾಮಗಾರಿಯಿಂದಲೋ ಆಗುವ ಕುಸಿತ, ಹೊಳೆಯ ಕೊರೆತ, ಇವು ಹೊರಗೆ. ನೋಟ ಚೆನ್ನಾಗಿರಲೆಂದು ಜೆಸಿಬಿ ತರಿಸಿ ಇಳಿಜಾರನ್ನು ಕಡಿಸಿ, ಕಡಿದ ಮಣ್ಣನ್ನೇ ಮುಂದಕ್ಕೆ ತಳ್ಳಿಸಿ ಅದರ ಮೇಲೆ ಕೋಣೆಗಳನ್ನು ಎಬ್ಬಿಸಿದವರು ಯಾವ ಪಕ್ಷದಲ್ಲಿ ಬೀಳುತ್ತಾರೆಂದು ತಾವೇ ಊಹಿಸಿಕೊಳ್ಳಬಹುದು.

ಕಳ್ಳತನದ ವಿಷಯದಲ್ಲಿಯೂ ಇಂಥದೇ ಒಂದು ತೊಡಕು. ಗೃಹ ರಕ್ಷಾ ಪಾಲಿಸಿಯಲ್ಲಿ ಕಳವಿಗೆ ಹಣ ಸಿಗುವುದು ಬೆಂಕಿ, ನೆರೆ ಮುಂತಾದ ವಿಮಿತ ಘಟನೆ ನಡೆದ ಏಳು ದಿನಗಳೊಳಗೆ ಆದ ಕಳವಿಗೆ ಮಾತ್ರ. ಪ್ರತ್ಯೇಕ ಕಳವು ಪಾಲಿಸಿ ಕೊಂಡರೂ ಅದು ಸಾಮಾನ್ಯವಾಗಿ ಬಾಗಿಲು ಮುರಿದು, ಬಲಾತ್ಕಾರದಿಂದ ನುಗ್ಗಿದ ಕಳ್ಳನನ್ನು ಕುರಿತದ್ದು. ನೀವೇ ಬಾಗಿಲು ತೆರೆದು, ಬೀಗದ ಕೈ ಕೊಟ್ಟು ಒಳಗೆ ಬಿಟ್ಟವನು ಹೋಗುವಾಗ ಹಿತ್ತಾಳೆಯ ದೀಪವನ್ನು ಚೀಲಕ್ಕೆ ಹಾಕಿಕೊಂಡರೆ ಪಾಲಿಸಿಯ ಭಾಷೆಯಲ್ಲಿ ಅವನು ಕನ್ನಗಳ್ಳನಲ್ಲ. ಅಜ್ಜಿಯ ಕಾಲದ ಪಾತ್ರೆ ಪಡಗ, ಪಟಗಳನ್ನು ಅಲಂಕಾರಕ್ಕೆಂದು ಅತಿಥಿಗಳ ಕೋಣೆಯಲ್ಲಿಡದಿರುವುದೇ ಇದಕ್ಕೆ ಪರಿಹಾರ.

ಇಷ್ಟೆಲ್ಲ ಆದ ಮೇಲೂ ಜಾರಿಬಿದ್ದ ಅತಿಥಿಯ ಪ್ರಶ್ನೆ ಹಾಗೆಯೇ ಉಳಿಯಿತು. ಗೃಹ ರಕ್ಷಾ ಪಾಲಿಸಿಗೆ ಸೇರಿಸಿಕೊಳ್ಳಬಹುದಾದ ಅಪಘಾತ ರಕ್ಷಣೆ ಒಡೆಯನಿಗೆ ಮತ್ತು ಅವನ ಸಂಗಾತಿಗೆ, ಅತಿಥಿಗಲ್ಲ. ಅತಿಥಿಗಾಗಿ ಬೇಕಾದದ್ದು ಸಾರ್ವಜನಿಕ ಹೊಣೆಗಾರಿಕೆಯ ವಿಮೆ. ಇಲ್ಲಿ ಹೆಸರಿನ ಗೊಂದಲವೊಂದಿದೆ. 1984ರ ಭೋಪಾಲದ ದುರಂತದ ತರುವಾಯ 1991ರಲ್ಲಿ ಬಂದ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯಿದೆ ಅಪಾಯಕಾರಿ ರಾಸಾಯನಿಕಗಳನ್ನು ಬಳಸುವವರಿಗೆ ಸಂಬಂಧಿಸಿದ್ದು. ನಮಗೆ ಬೇಕಾದದ್ದು ಅದಲ್ಲ. ಹೋಟೆಲು, ಶಾಲೆ, ಚಿತ್ರಮಂದಿರಗಳಂಥ ಕೈಗಾರಿಕೇತರ ಸ್ಥಳಗಳಿಗೆ ವಿಮಾ ಕಂಪನಿಗಳು ಮಾರುವ ಪಾಲಿಸಿ. ಕೇಳುವಾಗ "ಇಂಡಸ್ಟ್ರಿಯಲ್ ಅಲ್ಲದ ಪಬ್ಲಿಕ್ ಲಯಬಿಲಿಟಿ" ಎಂದೇ ಕೇಳಬೇಕು.

ಇದರಲ್ಲಿ ಎರಡು ಮಿತಿಗಳಿರುತ್ತವೆ, ಒಂದು ಅಪಘಾತಕ್ಕೆ ಇಷ್ಟು, ಒಂದು ವರ್ಷಕ್ಕೆ ಒಟ್ಟು ಇಷ್ಟು ಎಂದು. ಮೊದಲನೆಯದು 10 ಲಕ್ಷ, ಎರಡನೆಯದು 20 ಲಕ್ಷ ಎಂದಿಟ್ಟುಕೊಳ್ಳೋಣ. ಕಟಕಟೆ ಮುರಿದು ನಾಲ್ವರು ಬಿದ್ದು 16 ಲಕ್ಷ ಪರಿಹಾರ ಕೊಡಬೇಕೆಂದು ತೀರ್ಪಾದರೆ ಕಂಪನಿ ಕೊಡುವುದು 10 ಲಕ್ಷವೇ. ನಾಲ್ವರಾದರೂ ಅಪಘಾತ ಒಂದೇ. ಉಳಿದ 6 ಲಕ್ಷ ಒಡೆಯನ ಕೈಯದು. ಮೊತ್ತವನ್ನು ಆರಿಸುವಾಗ ಮನೆಯಲ್ಲಿ ಒಮ್ಮೆಗೆ ಎಷ್ಟು ಜನ ಮಲಗುತ್ತಾರೆಂಬುದನ್ನು ಎಣಿಸಬೇಕಲ್ಲದೆ ಕಂತು ಎಷ್ಟು ಕಡಿಮೆಯೆಂಬುದನ್ನಲ್ಲ. ಎಷ್ಟೋ ಪಾಲಿಸಿಗಳಲ್ಲಿ ಈಜುಕೊಳ, ಊಟತಿಂಡಿಯಿಂದಾಗುವ ಅನಾರೋಗ್ಯ, ಅತಿಥಿಗಳ ವಾಹನ ಇವುಗಳನ್ನು ಬೇರೆಯಾಗಿ ಕೇಳಿ, ಹೆಚ್ಚಿನ ಕಂತು ಕೊಟ್ಟು ಸೇರಿಸಿಕೊಳ್ಳಬೇಕು. ಈ ಪಾಲಿಸಿಗಳು ಸಾಮಾನ್ಯವಾಗಿ ಅವಧಿಯೊಳಗೆ ಬಂದ ಕ್ಲೇಮಿಗೆ ಮಾತ್ರ ನಿಲ್ಲುವಂಥವು. ಅಪಘಾತ ಈ ವರ್ಷವಾಗಿ ನೋಟೀಸು ಮುಂದಿನ ವರ್ಷ ಬಂದರೆ ಆಗಲೂ ಪಾಲಿಸಿ ಜೀವಂತವಾಗಿರಬೇಕು. ನಡುವೆ ಒಂದು ವರ್ಷ ಕಂತು ನಿಲ್ಲಿಸಿದವನಿಗೆ ಎರಡು ಕಡೆಯೂ ನಷ್ಟ.

ಅಡಿಗೆಯವಳು ಬಿಸಿನೀರು ಚೆಲ್ಲಿಕೊಂಡರೆ ಈ ಪಾಲಿಸಿ ಬಾರದು. ಕೆಲಸಗಾರರಿಗೆ ಪ್ರತ್ಯೇಕ ವಿಮೆ ಬೇಕು. ಅವರಿಗೆ ಪರಿಹಾರ ಕೊಡುವ ಕಾನೂನು 1923ರಿಂದಲೂ ಇದ್ದು ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ.

ಜೀಪಿನ ಮಾತನ್ನು ಮಾತ್ರ ಬಿಡುವಂತಿಲ್ಲ. ಅತಿಥಿಗಳನ್ನು ಮಾಂದಲಪಟ್ಟಿಗೋ ಮುಳ್ಳಯ್ಯನಗಿರಿಗೋ ಕರೆದುಕೊಂಡು ಹೋಗಲು ಮನೆಯ ಜೀಪನ್ನೇ ತೆಗೆಯುವ ವಾಡಿಕೆಯಿದೆ. ಬಿಳಿಯ ಫಲಕದ ಖಾಸಗಿ ವಾಹನದ ವಿಮೆ ಬಾಡಿಗೆಗೆ ಓಡಿಸುವುದನ್ನು ಒಪ್ಪುವುದಿಲ್ಲವೆಂದು ಆ ಪಾಲಿಸಿಯಲ್ಲಿಯೇ ಬರೆದಿರುತ್ತದೆ. ತಲೆಗೆ ಮುನ್ನೂರು ರೂಪಾಯಿ ತೆಗೆದುಕೊಂಡು ಹತ್ತಿಸಿಕೊಂಡ ಜೀಪು ತಿರುವಿನಲ್ಲಿ ಮಗುಚಿದರೆ ಮನೆಯ ಪಾಲಿಸಿಯೂ ಬಾರದು, ಜೀಪಿನ ಪಾಲಿಸಿಯೂ ಬಾರದು. ಪರವಾನಗಿಯುಳ್ಳ ಬಾಡಿಗೆ ಜೀಪಿನವನನ್ನು ಕರೆಸಿ, ಹಣವನ್ನು ಅತಿಥಿಯೇ ನೇರವಾಗಿ ಅವನಿಗೆ ಕೊಡುವಂತೆ ಮಾಡುವುದು ಕ್ಷೇಮ.

ಕೋಣೆ ಕಾದಿರಿಸುವ ಅಂತರಜಾಲದ ಕಂಪನಿಗಳಲ್ಲಿ ಕೆಲವು ತಾವೇ ಮನೆಯೊಡೆಯರಿಗೆ ರಕ್ಷಣೆ ಕೊಡುವುದಾಗಿ ಹೇಳುತ್ತವೆ. ಏರ್‌ಬಿಎನ್‌ಬಿ ಇದಕ್ಕೆ ಪ್ರಸಿದ್ಧ ಉದಾಹರಣೆ. ಇದ್ದರೆ ಒಳ್ಳೆಯದೇ, ಆದರೆ ಅಂಥ ರಕ್ಷಣೆ ಆ ಕಂಪನಿಯ ಮೂಲಕ ಬಂದ ಅತಿಥಿಗೆ ಮಾತ್ರ. ಹೋದ ವರ್ಷ ಬಂದಿದ್ದವರು ಈ ವರ್ಷ ನೇರವಾಗಿ ಫೋನು ಮಾಡಿ, ಕಮಿಷನ್ ಉಳಿಯಲೆಂದು ಕೈಗೇ ಹಣ ಕೊಟ್ಟರೆ ಅವರ ಪಾಲಿಗೆ ಆ ರಕ್ಷಣೆ ಇಲ್ಲ.

ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾವಣೆ ಮಾಡಿಸದವರು ಮೊದಲು ಅದನ್ನು ಮಾಡಿಸಬೇಕು. ಬಂದವರ ಹೆಸರು, ವಿಳಾಸ, ಗುರುತಿನ ಚೀಟಿಯ ವಿವರಗಳನ್ನು ಬರೆದಿಡಬೇಕು. ವಿದೇಶೀಯರು ಬಂದರೆ 24 ಗಂಟೆಗಳೊಳಗೆ ಅಧಿಕಾರಿಗಳಿಗೆ ವರದಿ ಹೋಗಬೇಕು. ಪರವಾನಗಿಯಿಲ್ಲದ ಮನೆಯ ಕ್ಲೇಮನ್ನು ತಳ್ಳಿಹಾಕಲು ಕಂಪನಿಗೆ ಬೇರೆ ಕಾರಣ ಹುಡುಕುವ ಶ್ರಮವೇ ಇರುವುದಿಲ್ಲ. ಕಂತನ್ನು ಏಜೆಂಟನ ಕೈಗಿತ್ತು ಸುಮ್ಮನಾಗದೆ ಕಂಪನಿಯ ರಸೀದಿ ಬಂದಿತೇ ಎಂದು ನೋಡಿಕೊಳ್ಳಿ. 1938ರ ವಿಮಾ ಕಾಯಿದೆಯ ಪ್ರಕಾರ ಕಂತು ಮುಂಗಡವಾಗಿ ಸಂದಾಯವಾಗದೆ ಹೊಣೆ ಆರಂಭವಾಗುವುದಿಲ್ಲ.

ಅಪಘಾತವೇ ಆಯಿತೆನ್ನಿ. ಗಾಯಗೊಂಡವನನ್ನು ಆಸ್ಪತ್ರೆಗೆ ಸೇರಿಸುವುದು ಮೊದಲ ಕೆಲಸ. ಇದರಿಂದ ತಪ್ಪೊಪ್ಪಿಕೊಂಡಂತೆ ಆದೀತೇನೋ ಎಂದು ಅಳುಕುವವರುಂಟು. ನೆರವಾಗುವುದನ್ನು ಯಾವ ಪಾಲಿಸಿಯೂ ತಡೆಯುವುದಿಲ್ಲ. ಕಂಪನಿಯನ್ನು ಕೇಳದೆ "ತಪ್ಪು ನಮ್ಮದೇ, ಇಷ್ಟು ಲಕ್ಷ ಕೊಡುತ್ತೇವೆ" ಎಂದು ಬರೆದುಕೊಡುವುದನ್ನು ಮಾತ್ರ ಪಾಲಿಸಿ ನಿಷೇಧಿಸುತ್ತದೆ. ಅದೇ ದಿನ ಕಂಪನಿಗೆ ಲಿಖಿತವಾಗಿ ತಿಳಿಸಿ, ಸ್ಥಳದ ಚಿತ್ರಗಳನ್ನು ತೆಗೆಸಿ, ಕಂಡವರ ಹೆಸರುಗಳನ್ನು ಗುರುತುಹಾಕಿಕೊಂಡು, ಮುರಿದ ಕಟಕಟೆಯನ್ನು ಸರ್ವೇಯರ್ ನೋಡುವವರೆಗೆ ದುರಸ್ತಿ ಮಾಡಿಸದೆ, ಆದರೆ ಮತ್ತೊಬ್ಬರು ಬೀಳದಂತೆ ಹಗ್ಗ ಕಟ್ಟಿಸಿ ಇಡಬೇಕು. ಕಂಪನಿ ಕಾರಣವಿಲ್ಲದೆ ಹಣ ನಿರಾಕರಿಸಿತೆನಿಸಿದರೆ ಮೊದಲು ಅದರ ದೂರು ವಿಭಾಗಕ್ಕೇ ಬರೆಯಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ, ನಿರಾಕರಣೆ ಬಂದ ಒಂದು ವರ್ಷದೊಳಗೆ, ವ್ಯಕ್ತಿಗಳೂ ಸೂಕ್ಷ್ಮ ಉದ್ಯಮದವರೂ ವಿಮಾ ಓಂಬುಡ್ಸ್‌ಮನ್ ಅವರಿಗೆ ದೂರು ಕೊಡಬಹುದು. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನಲ್ಲಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.